ಗಿರ್ಲು ಮೀನಿನ ಮೀಸಿ ಸವದಿದ್ದು ಯಾಕ

ಮುಧೋಳದ ಅಣ್ಣಾರು ಕೇಳಿದ್ದಕ್ಕ ಉತ್ತರ. (ಘಟಪ್ರಭಾ ದಂಡ್ಯಾಗ ಬಲಿಗೆ ಸಿಕ್ಕ ಮೂರು ಗಿರ್ಲು, ಎರಡು ಫೂಟಿನ ಟ್ಯಾಂಕು, ತಳಕ್ಕ ಬಣ್ಣದ ಹಳ್ಳು, 12 ತಾಸು ಎಲ್‌ಇಡಿ. ಹಗಲೆಲ್ಲಾ ಫಿಲ್ಟರ್ ಹಿಂದ ಕುಂದರತಾವು, ಮೀಸಿ ಗಿಡ್ಡ ಆಗ್ಯಾವು, ಆರು ಗಪ್ಪಿ ಮಾಯ.)

ಅಣ್ಣಾರ, ಹಗಲು ಅಡಗೂದು ಜಡ್ಡಲ್ಲ, ಅದರ ಸ್ವಭಾವನ ಹಂಗ. ಗಪ್ಪಿ ಎಲ್ಲಿ ಹ್ವಾದವು ಅಂತ ನಿಮಗೂ ಗೊತ್ತೈತಿ: ಬಾಯಾಗ ಹಿಡಸೂದನ್ನೆಲ್ಲಾ ಗಿರ್ಲು ರಾತ್ರಿ ನುಂಗತೈತಿ. ಚಿಂತಿ ಮಾಡಬೇಕಾದ್ದು ಮೀಸಿದು.

ಅದಕ್ಕೂ ಮೊದಲ ಮೀನು ಯಾವುದು ಅಂತ ಖಾತ್ರಿ ಮಾಡ್ಕೊರಿ. ಕಿವಿರಿನ ಹಿಂದ ಹೆಗಲ ಹತ್ರ ಕರಿ ಮಚ್ಚಿ, ಮೈ ಉದ್ದಕ್ಕ ನಾಕೈದು ಪಟ್ಟಿ ಇದ್ರ ಪಟ್ಟಿ ಗಿರ್ಲು, ವಿಜ್ಞಾನದ ಹೆಸರು ಮಿಸ್ಟಸ್ ವಿಟ್ಟಾಟಸ್. ಟ್ಯಾಂಕಿನ್ಯಾಗ ಅದರ ಉದ್ದ ಗೇಣಿನೊಳಗ ನಿಲ್ಲತೈತಿ. ಕರಿ ಚುಕ್ಕಿ ಹೆಗಲಿಗಿಲ್ಲದ, ಬೆನ್ನಿನ ಮ್ಯಾಲ ಬಾಲದ ಕಡೆ ಇರೂ ಮೆತ್ತನ್ನ ರೆಕ್ಕಿ ಬುಡದಾಗ ಇದ್ರ ಅದು ಸಿಂಘಾಲಾ ಅನ್ನೂ ದೊಡ್ಡ ಮೀಸಿ ಮೀನಿನ ಮರಿ. ಅದು ಮೂರು ಫೂಟು ದಾಟತೈತಿ, ಯಾವ ಮನಿ ಟ್ಯಾಂಕಿಗೂ ಬ್ಯಾಡ.

ಹೊಳಿಯೊಳಗ ಗಿರ್ಲು ನಡು ಸೆಳವಿನ್ಯಾಗ ಇರೂದಿಲ್ಲ. ನೀರು ನಿಧಾನ ಆದ ದಂಡಿ, ಕೆರಿ, ಆಲಮಟ್ಟಿ ಹಿನ್ನೀರಿನ ರಾಡಿ ತಳ, ಜೊಂಡಿನ ಬೇರು, ಇವು ಅದರ ಜಾಗ. ಹಗಲು ಬೇರಿನ ಸಂದ್ಯಾಗ, ಕಲ್ಲಿನ ಕೆಳಗ. ಕತ್ತಲಾದ ಮ್ಯಾಲ ನಾಕು ಜೋಡಿ ಮೀಸಿ ತಳಕ್ಕ ಸವರಿಕೋತ ಹುಳದ ಮರಿ, ಸೀಗಡಿ, ಎರಿಹುಳ ಹುಡುಕತೈತಿ. ಕಣ್ಣಿಗಿಂತ ಮೀಸಿನ ಅದಕ್ಕ ನಾಲಿಗಿ. ಆ ಮೀಸಿ ಚೂಪು ಹಳ್ಳಿನ ಮ್ಯಾಲ ದಿನಾ ಉಜ್ಜಿದ್ರ ಗೀರಾಗತಾವು. ಹಳ್ಳಿನ ಸಂದ್ಯಾಗ ಬಿದ್ದ ಕಾಳು ಕೊಳತಿರತೈತಿ, ಆ ಹೊಲಸು ಗೀರಿಗೆ ಹತ್ತಿ ಮೀಸಿ ಕರಗತೈತಿ. ಎರಡೂ ಕೂಡೇ ಆಗೂದ್ರಿಂದ ಬರೇ ಔಷಧ ಹಾಕಿದ್ರ ಏನೂ ಉಪಯೋಗಿಲ್ಲ.

ಹಳ್ಳು ತೆಗದು ಹೊಳಿ ಉಸುಕು ಹಾಕ್ರಿ. ಎಂ-ಸ್ಯಾಂಡ್ ಬ್ಯಾಡ, ಅದು ಒಡದ ಕಲ್ಲು, ಅಂಚು ಚೂಪ ಇರತಾವು. ಸಣ್ಣ ಜರಡಿ ಹಿಡದು, ನೀರು ತಿಳಿ ಆಗೂಮಟ ತೊಳದು, ಒಂದೂವರೆ ಇಂಚು ಹರವ್ರಿ. ಮೂರು ಫೂಟು ಉದ್ದ, ಒಂದೂವರೆ ಫೂಟು ಅಗಲದ ಟ್ಯಾಂಕಿಗೆ 25 ಕೆ.ಜಿ. ಹತ್ರಹತ್ರ ಹಿಡೀತೈತಿ. ಟ್ಯಾಂಕು ಅಷ್ಟರ ಬೇಕ ಬೇಕು. ಒಂದೂಕಾಲು ಫೂಟು ನೀರು ನಿಲ್ಲಿಸಿದ್ರ ಸುಮಾರು 160 ಲೀಟರ್. ಎರಡು ಫೂಟಿನ್ಯಾಗ ಮೂರು ಗಿರ್ಲು ಬೆಳದ್ರ ಕಚ್ಚಾಟ ಸುರು. ಹಳೇ ಫಿಲ್ಟರ್‌ನ ಸ್ಪಂಜು ಮಾತ್ರ ನಳದ ನೀರಾಗ ತೊಳೀಬ್ಯಾಡ್ರಿ. ಕ್ಲೋರಿನ್‌ಗೆ ಮೀನಿನ ಹೊಲಸು ಅರಗಿಸೂ ಒಳ್ಳೇ ಬ್ಯಾಕ್ಟೀರಿಯಾ ಸತ್ತು, ಮೀನಿಗೆ ವಿಷ ಆದ ಅಮೋನಿಯಾ ಏರತೈತಿ. ಟ್ಯಾಂಕಿನ್ದ ನೀರು ಬಕೆಟ್ಟಿಗೆ ತಗೊಂಡು ಹಿಂಡ್ರಿ.

ಅಡಗಾಕ ಎರಡಿಂಚಿನ ಪಿವಿಸಿ ಪೈಪಿನ ಎಂಟೆಂಟು ಇಂಚಿನ ತುಂಡು, ಇಲ್ಲಾ ಒಡದ ಗಡಗಿ. ಕೊಯ್ದ ಅಂಚು ಕಾನಸು ಹಚ್ಚಿ ನುಣ್ಣಗ ಮಾಡ್ರಿ, ಈ ಮೀನಿಗೆ ಹುರುಪಿ ಇಲ್ಲ, ಚರ್ಮ ಹರೀತೈತಿ. ಮೀನಿಗಿಂತ ಒಂದು ಗೂಡು ಹೆಚ್ಚು ಇರಲಿ. ಕಲ್ಲಿಟ್ರ ಇಳಕಲ್ ಗ್ರಾನೈಟ್ ನಡೀತೈತಿ. ನಮ್ಮ ಕಡೆ ಸಿಗೂ ಸುಣ್ಣದ ಕಲ್ಲು ಬ್ಯಾಡ, ಮೊದಲ ಗಡಸು ಇರೂ ಬೋರಿನ ನೀರು ಮತ್ತೂ ಗಡಸಾಗತೈತಿ.

ಲೈಟು ಆರು ತಾಸು ಸಾಕು. ಲೈಟು ಆರಿಸಿ ಅರ್ಧ ತಾಸಿನ ಮ್ಯಾಲ ಮುಳುಗೂ ಕಾಳು ಎರಡು ಬೆರಳಿನ ಚಿಟಿಕಿ ಹಾಕ್ರಿ. ವಾರದಾಗ ಎರಡು ಸಲ ತೊಳದ ಎರಿಹುಳ ಸಣ್ಣಗ ಕತ್ತರಿಸಿ ಹಾಕ್ರಿ. ಮುಂಜಾನಿ ಕಾಳು ಉಳದಿದ್ರ ಮರುದಿನ ಅರ್ಧ ಮಾಡ್ರಿ. ವಾರಕ್ಕ ಕಾಲುಭಾಗ ನೀರು ಬದಲಿ. ನಳದ ನೀರಾದ್ರ ಒಂದು ದಿನ ಗಾಳಿ ಬಿಟ್ಟು ಹಾಕ್ರಿ.

ಹಿಂಗ ಮಾಡಿದ್ರ ಮೀಸಿ ನಿಧಾನ ಬೆಳೀತಾವು, ಬುಡಕ್ಕ ಕೊಳತಿದ್ರ ಮಾತ್ರ ಬೆಳಿಯೂದಿಲ್ಲ. ಮುಂದ ಬಿಳಿ ಚುಕ್ಕಿ ರೋಗ ಬಂದ್ರ ಅಂಗಡಿಯವರು ಹೇಳಿದ ಪೂರ್ತಿ ಡೋಸ್ ಹಾಕಬ್ಯಾಡ್ರಿ. ಹುರುಪಿ ಇಲ್ಲದ ಮೀನು ಔಷಧ ತಾಳೂದಿಲ್ಲ, ಅರ್ಧದಿಂದ ಸುರು ಮಾಡ್ರಿ. ತಾಮ್ರದ ಔಷಧ ಮುಟ್ಟಲೇಬ್ಯಾಡ್ರಿ.

ಟ್ಯಾಂಕು ಬದಲಿ ಮಾಡುವಾಗ ಬಲಿಯಿಂದ ಹಿಡೀಬ್ಯಾಡ್ರಿ. ಎದಿ ರೆಕ್ಕಿಯ ಮುಳ್ಳಿಗೆ ಗರಗಸದಂಥ ಹಲ್ಲದಾವು, ಬಲಿಯೊಳಗ ಸಿಕ್ಕರ ಕತ್ತರಿನ ಹಚ್ಚಬೇಕು. ಪೈಪಿನ ಎರಡೂ ಬಾಯಿ ಅಂಗೈಯಿಂದ ಮುಚ್ಚಿ ಪೈಪ್ ಸಮೇತ ಎತ್ತರಿ. ಚುಚ್ಚಿದ್ರ ತಾಳೂವಷ್ಟು ಬಿಸಿ ನೀರಾಗ ಅರ್ಧ ತಾಸು ಕೈ ಇಡ್ರಿ, ಉರಿ ಇಳೀತೈತಿ. ಮುಳ್ಳು ಮುರದು ಒಳಗ ಉಳದಿದ್ರ ಅಥವಾ ಬಾವು ಏರಿದ್ರ ಡಾಕ್ಟರ ಕಡೆ ಹೋಗ್ರಿ.