ಅಪ್ಪನ ಮ್ಯಾಕ್‌ನಲ್ಲಿ ಬರೀ ವಾಲ್‌ಪೇಪರ್ ಕಾಣುತ್ತಿದೆ

ಪ್ರಶ್ನೆ: ಅಪ್ಪ ಅಮ್ಮ ಶಿವಮೊಗ್ಗದಲ್ಲಿದ್ದಾರೆ. ನಾನು ಬೆಂಗಳೂರಿನಿಂದಲೇ ರಿಮೋಟ್ ಆಪ್ ಹಾಕಿಕೊಂಡು ಅವರ ಮ್ಯಾಕ್ ನೋಡಿಕೊಳ್ಳುತ್ತಿದ್ದೆ. ಮ್ಯಾಕ್‌ನ ಸಾಫ್ಟ್‌ವೇರನ್ನು ಸೆಕೋಯಾ ಆವೃತ್ತಿಗೆ ಅಪ್‌ಗ್ರೇಡ್ ಮಾಡಿದ ಮೇಲೆ ಕನೆಕ್ಟ್ ಆಗುತ್ತದೆ, ಆದರೆ ಬರೀ ವಾಲ್‌ಪೇಪರ್ ಕಾಣುತ್ತದೆ. ಎಲ್ಲಿ ಕ್ಲಿಕ್ ಮಾಡಿದರೂ ಏನೂ ಆಗುವುದಿಲ್ಲ. ಆಪ್ ತೆಗೆದು ಮತ್ತೆ ಹಾಕಿಸಿದ್ದೂ ಆಯಿತು. ಏನು ಮಾಡಲಿ ಸರ್?

ಉತ್ತರ: ವಾಲ್‌ಪೇಪರ್ ಕಾಣುತ್ತಿದೆ ಅಂದರೆ ನೆಟ್ ಸರಿಯಾಗಿದೆ, ಆಪ್ ಕೂಡ ಸರಿಯಾಗಿದೆ. ತಪ್ಪಿಹೋಗಿರುವುದು ಅನುಮತಿ. 2019ರಲ್ಲಿ ಬಂದ ಕ್ಯಾಟಲಿನಾ ಆವೃತ್ತಿಯಿಂದ ಈಚೆಗೆ, ಯಾವುದೇ ಆಪ್ ಮ್ಯಾಕ್‌ನ ಪರದೆ ನೋಡಬೇಕಾದರೆ ಅದರ ಮುಂದೆ ಕೂತವರೇ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ತೆರೆದಿರುವ ವಿಂಡೋ ಯಾವುದೂ ಕಾಣುವುದಿಲ್ಲ. ಮೌಸ್, ಕೀಬೋರ್ಡ್‌ಗೆ ಬೇರೆ ಒಪ್ಪಿಗೆ. ನಿಮಗೆ ಎರಡೂ ಇಲ್ಲ.

ಇದನ್ನು ನೀವು ಅಲ್ಲಿಂದ ಸರಿಮಾಡಲು ಆಗುವುದಿಲ್ಲ, ಕ್ಲಿಕ್ ಮಾಡುವ ಅನುಮತಿಯೇ ಇಲ್ಲ ಅಲ್ವಾ? ಅಪ್ಪನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಲು ಹೇಳಿ, ಅವರು ಪರದೆಯಲ್ಲಿ ಏನಿದೆ ಅಂತ ಓದಿ ಹೇಳುವವರೆಗೆ ಕಾದು ಮುಂದೆ ಹೋಗಿ. ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸ್ಕ್ರೀನ್ ಅಂಡ್ ಸಿಸ್ಟಮ್ ಆಡಿಯೊ ರೆಕಾರ್ಡಿಂಗ್. ಅಲ್ಲಿ ನಿಮ್ಮ ಆಪ್‌ನ ಬಟನ್ ಆನ್ ಆಗಿಯೇ ಇರಬಹುದು. ಅದನ್ನು ನಂಬಬೇಡಿ. ಅಪ್‌ಗ್ರೇಡ್ ಆದಮೇಲೆ ಬಟನ್ ಆನ್ ಇದ್ದರೂ ಕೆಲಸ ಮಾಡದಿರುವುದು ಉಂಟು. ಆಪ್‌ನ ಹೆಸರು ಆರಿಸಿ ಕೆಳಗಿನ ಮೈನಸ್ ಒತ್ತಿ ತೆಗೆಸಿ, ಪ್ಲಸ್ ಒತ್ತಿ ಅಪ್ಲಿಕೇಶನ್ಸ್ ಫೋಲ್ಡರ್‌ನಿಂದ ಮತ್ತೆ ಸೇರಿಸಿ. ಆಕ್ಸೆಸಿಬಿಲಿಟಿ ಅನ್ನುವ ಜಾಗದಲ್ಲೂ ಹೀಗೇ ಮಾಡಿಸಿ, ಮೌಸ್ ಬರುವುದು ಅದರಿಂದ. ಆಮೇಲೆ ಆಪ್ ಪೂರ್ತಿ ಕ್ವಿಟ್ ಮಾಡಿ ತೆರೆಯಬೇಕು, ಸುಮ್ನೆ ವಿಂಡೋ ಮೂಲೆಯ ಕೆಂಪು ಚುಕ್ಕಿ ಒತ್ತಿದರೆ ಸಾಲದು.

ಸೆಕೋಯಾದಲ್ಲಿ ಇನ್ನೊಂದಿದೆ. ಆಗಾಗ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ, ಈ ಆಪ್ ಪರದೆ ನೋಡುವುದನ್ನು ಮುಂದುವರಿಸಬೇಕಾ ಅಂತ ಮ್ಯಾಕ್ ಕೇಳಬಹುದು. ಆಪ್‌ನ ಹೆಸರು ನೋಡಿಕೊಂಡು ಒಪ್ಪಿಗೆ ಒತ್ತಲು ಅಪ್ಪನಿಗೆ ಮೊದಲೇ ಹೇಳಿಡಿ. ಬ್ಯಾಂಕಿನಿಂದ ಅಂತ ಯಾರಾದರೂ ಫೋನ್ ಮಾಡಿ ಇದೇ ಬಟನ್‌ಗಳನ್ನು ಒತ್ತಿಸಲು ಬಂದರೆ ಮಾತು ಬೆಳೆಸದೆ ಫೋನ್ ಇಡಬೇಕು ಅಂತಲೂ ಹೇಳಿ. ವಯಸ್ಸಾದವರ ದುಡ್ಡು ಹೋಗುವುದು ಇದೇ ದಾರಿಯಲ್ಲಿ.

ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಅಂದರೆ ಡಿಸ್ಕ್‌ನಲ್ಲಿರುವುದಕ್ಕೆಲ್ಲ ಬೀಗ ಹಾಕಿಡುವ ಸೌಲಭ್ಯ, ಆನ್ ಇದ್ದರೆ, ರಿಸ್ಟಾರ್ಟ್ ಆದಮೇಲೆ ಯಾರಾದರೂ ಪಾಸ್‌ವರ್ಡ್ ಹಾಕುವವರೆಗೂ ನಿಮ್ಮ ಆಪ್ ಶುರುವೇ ಆಗುವುದಿಲ್ಲ. ಹಾಗಾಗಿ ಮುಂದಿನ ಅಪ್‌ಗ್ರೇಡನ್ನು ಅಪ್ಪ ಮನೆಯಲ್ಲಿರುವ ದಿನವೇ ಇಟ್ಟುಕೊಳ್ಳಿ.