ಒಣದ್ರಾಕ್ಷಿ ವ್ಯಾಪಾರದ ಸಾಫ್ಟ್‌ವೇರ್ ವಾಟ್ಸಾಪ್ ಮೇಲೇ ಕಟ್ಟಬಹುದೇ?

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿಗೆ ಪೂರ್ತಿ ವಾಟ್ಸಾಪ್ ಮೇಲೇ ಸಾಫ್ಟ್‌ವೇರ್ ಕಟ್ಟಬಹುದೇ ಎಂದು ಕೇಳಿದ್ದೀರಿ. ಕಟ್ಟ್ರಿ ಸರ, ರೈತರು ಇರೋದೇ ಅಲ್ಲಿ. ಆದರೆ ಎಲ್ಲ ವ್ಯಾಪಾರಿಗಳ ನಂಬರನ್ನು ನಿಮ್ಮ ಒಂದೇ ಬಿಸಿನೆಸ್ ಖಾತೆಗೆ ಸೇರಿಸಬೇಡ್ರಿ. ಒಬ್ಬರು ಒಪ್ಪಿಗೆ ಇಲ್ಲದವರಿಗೆ ದರಪಟ್ಟಿ ಕಳಿಸಿ ದೂರು ಬಂದರೆ, ಖಾತೆಗೆ ಬೀಳುವ ನಿರ್ಬಂಧ ಎಲ್ಲರಿಗೂ ತಟ್ಟುತ್ತದೆ. ಪ್ರತಿ ಅಂಗಡಿಗೂ ಅವರದೇ ಖಾತೆ ಇರಲಿ.

ರೈತರ ಕೊನೆಯ ಸಂದೇಶದಿಂದ 24 ಗಂಟೆ ಮಾತ್ರ ಮುಕ್ತವಾಗಿ ಬರೆಯಬಹುದು. ಆಮೇಲೆ ವಾಟ್ಸಾಪ್ ಒಡೆಯ ಮೆಟಾ ಮೊದಲೇ ಒಪ್ಪಿದ ಟೆಂಪ್ಲೇಟೇ (ಸಿದ್ಧ ಸಂದೇಶದ ಮಾದರಿ) ಗತಿ. 2025ರ ಜುಲೈನಿಂದ ಅದಕ್ಕೆ ಸಂದೇಶದ ಲೆಕ್ಕದಲ್ಲಿ ದುಡ್ಡು. ವ್ಯವಹಾರದ ಮಾಹಿತಿ ಕೊಡುವ ಯುಟಿಲಿಟಿ ಸಂದೇಶ ಅಗ್ಗ, ಪ್ರಚಾರದ ಮಾರ್ಕೆಟಿಂಗ್ ಸಂದೇಶ ತುಟ್ಟಿ. ‘ನಿಮ್ಮ ಲಾಟ್ ಮಾರಾಟವಾಗಿದೆ, ತೂಕ ಇಷ್ಟು’ ಎಂಬುದರ ಜೊತೆ ಜಾಹೀರಾತಿನ ಒಂದು ಸಾಲು ಸೇರಿಸಿದರೂ ಇಡೀ ಸಂದೇಶ ಮಾರ್ಕೆಟಿಂಗ್ ಆಗುತ್ತದೆ.

ರೈತರ ಸಂದೇಶವನ್ನು ವಾಟ್ಸಾಪ್‌ನಿಂದ ನಿಮ್ಮ ಸರ್ವರ್‌ಗೆ ತಲುಪಿಸುವ ವೆಬ್‌ಹುಕ್ ಒಂದೇ ಸಂದೇಶವನ್ನು ಎರಡು ಸಲ ತರಬಹುದು. ಡೇಟಾಬೇಸಿನಲ್ಲಿ ಮೆಸೇಜ್ ಐಡಿಗೆ ಯುನಿಕ್ ಇಂಡೆಕ್ಸ್ (ಒಂದೇ ಐಡಿ ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕದಿದ್ದರೆ ಲಾಟ್ ಎರಡು ಸಲ ದಾಖಲಾಗಿ ರೈತರ ಲೆಕ್ಕವೇ ತಪ್ಪುತ್ತದೆ, ಇದನ್ನಂತೂ ಬಿಡಬೇಡ್ರಿ.

ಬೇರೆಯವರ ವೇದಿಕೆಯನ್ನೇ ಪೂರ್ತಿ ನಂಬಬೇಡ್ರಿ: 2023ರಲ್ಲಿ ಟ್ವಿಟರ್, ತನ್ನನ್ನು ಬಳಸಲು ಹೊರಗಿನವರು ಮಾಡಿದ್ದ ಆ್ಯಪ್‌ಗಳನ್ನೇ ನಿಷೇಧಿಸಿತು. ಹಾಗಾಗಿ ಹೆಸರು, ಫೋನು, ಬಾಕಿ ಎಲ್ಲ ನಿಮ್ಮ ಡೇಟಾಬೇಸಿನಲ್ಲೇ ಇರಲಿ. ವಾಟ್ಸಾಪ್ ಕೈಕೊಟ್ಟರೆ ಎಸ್ಸೆಮ್ಮೆಸ್‌ಗೆ ಹೊರಳಲು ಸಂದೇಶ ಕಳಿಸುವ ಕೋಡ್ ಬೇರೆ ಇಡ್ರಿ, ವ್ಯಾಪಾರದ ಎಸ್ಸೆಮ್ಮೆಸ್ ಕಳಿಸುವವರು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿ ಈಗಲೇ ಮಾಡಿಸ್ರಿ.