ಕಣ್ಣು ಕಾಣುವಾಗಲೇ ಬ್ರೈಲ್ ಕಲಿಸಿ

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮ ಏಳು ವರ್ಷದ ಮಗಳಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ನೋಟ ನಿಧಾನವಾಗಿ ಹೋಗುತ್ತಾ ಬರುವ ಕಣ್ಣಿನ ಕಾಯಿಲೆ, ಅಂತ ಡಾಕ್ಟರು ಹೇಳಿದ್ದಾರೆ. ಹಗಲಲ್ಲಿ ಪುಸ್ತಕ ಓದುತ್ತಾಳೆ. ಸಂಜೆಯಾದರೆ ಕಾಲುಸಂಕ ದಾಟಲು ಹೆದರುತ್ತಾಳೆ. ನನಗೆ ಈಗಲೇ ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿಸುವ ಆಸೆ. ಕಣ್ಣಿರುವ ಮಗುವಿಗೆ ಅದು ಅಪಶಕುನ ಅಂತಾರೆ ಅತ್ತೆ. ಬೋರ್ಡು ಕಾಣುತ್ತಲ್ಲ, ಏನು ಅವಸರ ಅಂತಾರೆ ಹೆಡ್‌ಮಾಸ್ಟರು. ಸೋದರತ್ತೆಯ ಮಗನನ್ನು ಮದುವೆಯಾಗಿದ್ದು ನನ್ನ ತಪ್ಪಾ?’

ಅಮ್ಮಾ, ನೀವು ಹೇಳಿದ್ದೇ ಸರಿ. ಈ ವಾರವೇ ಶುರು ಮಾಡಿ.

ನಿಮ್ಮ ಅತ್ತೆಯ ಸಂಕಟ ಅರ್ಥವಾಗುತ್ತದೆ. ಮೊಮ್ಮಗಳ ಕಣ್ಣು ಉಳಿಯಲಿ ಅನ್ನುವ ಆಸೆ ಅದು. ಹಾಗಾಗಿ ಜೀನ್ ಪರೀಕ್ಷೆ ಖಂಡಿತ ಮಾಡಿಸಿ. ಆರ್‌ಪಿಇ65 ಎಂಬ ಜೀನ್‌ನ ದೋಷವಾದರೆ, ಅದಕ್ಕೆ 2017ರಲ್ಲಿ ಅಮೆರಿಕ ಒಪ್ಪಿದ ಚಿಕಿತ್ಸೆಯೊಂದಿದೆ. ಆದರೆ ಈ ಕಾಯಿಲೆ ತರುವ ಜೀನ್‌ಗಳು ಹತ್ತಾರು, ಆ ಚಿಕಿತ್ಸೆ ಒಂದಕ್ಕೆ ಮಾತ್ರ. ನುಗ್ಗೆಸೊಪ್ಪು ತಿನ್ನಿಸಿದರೆ ಇರುಳುಗುರುಡು ಹೋಗುತ್ತೆ ಅನ್ನುವ ಮಾತು ವಿಟಮಿನ್ ‘ಎ’ ಕೊರತೆಗೆ ಸರಿ. ಇಲ್ಲಿ ಮಂದ ಬೆಳಕಲ್ಲಿ ನೋಡುವ ಕೋಶಗಳೇ ಸಾಯುತ್ತಾ ಹೋಗುತ್ತವೆ. ಮೊದಲು ಇರುಳಿನ ನೋಟ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ನಡುವಿನದು. ಕಣ್ಣಿಗೆ ಸೊಪ್ಪಿನ ರಸ ಹಿಂಡುವವರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ.

ಮದುವೆಯ ವಿಷಯಕ್ಕೆ ಸ್ವಲ್ಪ ಗದರಿಸುತ್ತೇನೆ. ಈ ಕಾಯಿಲೆ ವಂಶದಲ್ಲಿ ಬರುವ ಬಗೆ ಹಲವು. ಸೋದರಿಕೆಯಲ್ಲಿ ಸಾಧ್ಯತೆ ಜಾಸ್ತಿ, ನಿಜ. ಆದರೆ ಹಾಗೆ ಬಂದಾಗ ದೋಷದ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಿರುತ್ತದೆ. ತಪ್ಪು ಮಾತ್ರ ತಾಯಿಯೊಬ್ಬಳದೇ ಅಂತ ಯಾಕೆ ಹೊತ್ತುಕೊಳ್ಳುತ್ತೀರಿ?

ಈಗ ಬ್ರೈಲ್. ಬ್ರೈಲ್ ಸ್ಲೇಟು ಅಂದರೆ ಅಕ್ಷರಕ್ಕೊಂದು ಆರು ಚುಕ್ಕಿಯ ಮನೆ ಇರುವ ಪಟ್ಟಿ. ಅದಕ್ಕೆ ದಪ್ಪ ಕಾಗದ ಸಿಕ್ಕಿಸಿ, ಮೊಂಡು ತುದಿಯ ಸ್ಟೈಲಸ್‌ನಿಂದ ಬಲದಿಂದ ಎಡಕ್ಕೆ ಚುಚ್ಚಬೇಕು. ಕಾಗದ ತಿರುವಿ ಹಾಕಿದರೆ ಚುಕ್ಕಿಗಳು ಉಬ್ಬಿರುತ್ತವೆ, ಎಡದಿಂದ ಬಲಕ್ಕೆ ಓದಬಹುದು. ‘ಅ’ ಅಂದರೆ ಒಂದೇ ಚುಕ್ಕಿ. ‘ಕ’ಕ್ಕೆ ಎರಡು, ಮೇಲೊಂದು ಕೆಳಗೊಂದು, ನಡುವೆ ಖಾಲಿ. ಇವತ್ತು ನಿಮ್ಮ ಮಗಳು ಆ ಚುಕ್ಕಿಯನ್ನು ಕಣ್ಣಲ್ಲೂ ನೋಡಬಲ್ಲಳು, ಬೆರಳಲ್ಲೂ ಮುಟ್ಟಬಲ್ಲಳು. ತಪ್ಪಿದರೆ ತಾನೇ ನೋಡಿ ತಿದ್ದಿಕೊಳ್ಳುತ್ತಾಳೆ. ಕಾಯುತ್ತಾ ಕೂತರೆ ಈ ಅನುಕೂಲ ಹೋಗುತ್ತದೆ. ಅಡಿಕೆ ಆರಿಸುವ ನಮ್ಮ ಹೆಂಗಸರು ಮಾತಾಡುತ್ತಲೇ ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಬೆರಳಲ್ಲೇ ತಿಳಿಯುತ್ತಾರಲ್ಲ, ಆ ಬೆರಳು ಒಂದು ದಿನಕ್ಕೆ ಬಂದದ್ದಲ್ಲ.

ಲೂಯಿ ಬ್ರೈಲ್‌ಗೂ ಕಣ್ಣು ಒಮ್ಮೆಲೇ ಹೋಗಲಿಲ್ಲ. ಮೂರನೇ ವಯಸ್ಸಿನಲ್ಲಿ ಅಪ್ಪನ ಚರ್ಮದ ಕೆಲಸದ ಉಳಿ ಒಂದು ಕಣ್ಣಿಗೆ ಚುಚ್ಚಿತು. ನಂಜು ಇನ್ನೊಂದಕ್ಕೂ ಹಬ್ಬಿ, ಐದರ ಹೊತ್ತಿಗೆ ಪೂರ್ತಿ ಕತ್ತಲು. 1824ರಲ್ಲಿ, ಹದಿನೈದರ ಹುಡುಗ ಈ ಲಿಪಿ ಕಟ್ಟಿದ. ಅವನು ಕಲಿತು, ಕಲಿಸಿದ ಪ್ಯಾರಿಸ್ಸಿನ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ಸತ್ತು ಎರಡು ವರ್ಷದ ಮೇಲೆ. ಕಾಣದವರಿಗೆ ಏನು ಬೇಕು ಅಂತ ಕಾಣುವವರೇ ತೀರ್ಮಾನಿಸುವ ಚಾಳಿ ಇವತ್ತಿಗೂ ಹೋಗಿಲ್ಲ. ‘ಮೊಬೈಲೇ ಓದಿ ಹೇಳುತ್ತಲ್ಲ, ಬ್ರೈಲ್ ಯಾಕೆ’ ಅಂತ ಕಲಿತವರೇ ಕೇಳುತ್ತಾರೆ. ಮೊಬೈಲ್ ಇರಲಿ, ಬೇಡ ಅನ್ನಲ್ಲ. ಆದರೆ ಮಾತಿನಲ್ಲಿ ಮಹಾಪ್ರಾಣ ಅರ್ಧಕ್ಕರ್ಧ ಬಿದ್ದೇ ಹೋಗಿರುವಾಗ, ಬರೀ ಕಿವಿಯಿಂದ ಮಗು ಕಾಗುಣಿತ ಕಲಿಯುವುದು ಹೇಗೆ? ಕಣ್ಣಿರುವ ಮಕ್ಕಳಿಗೆ ‘ಸುಮ್ನೆ ಕೇಳಿಸಿಕೋ, ಓದು ಬೇಡ’ ಅಂತ ಯಾರಾದರೂ ಹೇಳುತ್ತಾರಾ?

ಇನ್ನೊಂದು ಸಲಹೆಯೂ ನಿಮ್ಮ ಮನೆಗೆ ಬಂದಿರುತ್ತದೆ: ‘ಸಂಗೀತಕ್ಕೆ ಹಾಕಿ’. ಗದುಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮಾಡಿದ ಕೆಲಸಕ್ಕೆ ಕೈಮುಗಿಯುತ್ತೇನೆ. ಹಾಗಂತ ಪ್ರತಿ ಮಗುವಿಗೂ ಹಾಡುವುದೊಂದೇ ದಾರಿಯಾ? ನಿಮ್ಮ ಮಗಳಿಗೆ ಲೆಕ್ಕ ಇಷ್ಟವಿರಬಹುದು. ಮೊದಲು ಅವಳನ್ನು ಕೇಳಿ.

ಹೆಡ್‌ಮಾಸ್ಟರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಬೋರ್ಡು ಕಂಡರೂ, ನೋಟದ ಅಗಲ 40 ಡಿಗ್ರಿಗಿಂತ ಕಮ್ಮಿಯಾದರೆ ಅದು ಮಂದದೃಷ್ಟಿ. ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕೆಂದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಅವಳ ಹಕ್ಕು. ಬ್ರೈಲ್ ಕಲಿಸುವವರು ಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ. ತಿಂಗಳಾದರೂ ಉತ್ತರ ಬರದಿದ್ದರೆ ಅರ್ಜಿಯ ಪ್ರತಿ ನನಗೆ ಕಳಿಸಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂ.